ಎರಡು ಹೊಳೆಗಳ ನಡುವಿನ ನಮ್ಮ ಸೀಮೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿದಾಗ, "ನೀವು ಸಾಫ್ಟ್‌ವೇರ್ ಇಂಜಿನಿಯರ್ ಇದ್ದೀರಿ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ನಾಲ್ಕು ಮಾತು ಹೇಳ್ರಿ" ಎಂದರು. ಆ ಮಾತು ಹೇಳುವವರು ಬಹಳ ಜನ ಇದ್ದಾರೆ, ಮೊಬೈಲಿನಲ್ಲೂ ಬೇಕಾದಷ್ಟು ಸಿಗುತ್ತದೆ. ಹಾಗಾಗಿ ನಾನು ಬೇರೆ ವಿಷಯ ಕೇಳಿ ಪಡೆದುಕೊಂಡೆ. ನಮ್ಮ ಸೀಮೆಯ ಬಗ್ಗೆ ಮಾತಾಡುತ್ತೇನೆ ಎಂದೆ. ಈ ನೆಲ ಎಂಥದು, ಇಲ್ಲಿ ಯಾರು ಯಾರು ಬಾಳಿ ಹೋದರು, ನೋಡುವಂಥದ್ದು ಏನಿದೆ, ಇದು ನನ್ನ ವಿಷಯ.

ಇದಕ್ಕೆ ಒಂದು ಕಾರಣ ಇದೆ. ಬೆಂಗಳೂರಿನಲ್ಲಿ ಯಾರಾದರೂ "ಯಾವ ಊರು ನಿಮ್ಮದು?" ಎಂದು ಕೇಳಿದರೆ ನಮ್ಮ ಕಡೆಯ ಹುಡುಗರು "ರಾಯಚೂರು" ಎನ್ನುತ್ತಾರೆ. "ರಾಯಚೂರಿನಲ್ಲಿ ಎಲ್ಲಿ?" ಎಂದರೆ "ದೇವದುರ್ಗ ಕಡೆ" ಎನ್ನುತ್ತಾರೆ. "ಅಲ್ಲಿ ಏನಿದೆ?" ಎಂದರೆ ಹತ್ತರಲ್ಲಿ ಒಂಬತ್ತು ಜನರ ಉತ್ತರ ಒಂದೇ: "ಏನೂ ಇಲ್ರಿ, ಬಿಸಿಲು ಐತಿ." ಕೇಳಿದವರು ನಗುತ್ತಾರೆ, ನಾವೂ ನಗುತ್ತೇವೆ. ಆ ಉತ್ತರ ಸರಿಯೋ ತಪ್ಪೋ ಎಂಬುದನ್ನು ಇಂದು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಮೊದಲು ಒಂದು ತಮಾಷೆಯ ಮಾತು. ನಾನು ಕೆಲಸ ಮಾಡುವ ಕಡೆ ಎಲ್ಲರ ಬಾಯಲ್ಲೂ ಗೂಗಲ್, ಗೂಗಲ್. ನಮ್ಮ ದೇವದುರ್ಗ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ, ಗೂಗಲ್ ಎಂಬ ಊರೇ ಇದೆ ಎಂದರೆ ಯಾರೂ ನಂಬುವುದಿಲ್ಲ. ಅಮೆರಿಕದ ಕಂಪನಿ ಹುಟ್ಟಿದ್ದು 1998ರಲ್ಲಿ. ನಮ್ಮ ಗೂಗಲ್ಲಿನಲ್ಲಿ ಅಲ್ಲಮಪ್ರಭುವಿನ ಗುಡಿ ಇದೆ. ಬಸವಣ್ಣನವರ ಕಾಲದ ಪ್ರಭುದೇವರು ಈ ಹೊಳೆಯ ದಂಡೆಗೆ ಬಂದಿದ್ದರೆಂದು ಜನ ನಂಬಿ ನಡೆದುಕೊಳ್ಳುತ್ತಾರೆ. ಕೃಷ್ಣೆಗೆ ಅಡ್ಡಲಾಗಿ ಸೇತುವೆಯೂ ಹೌದು, ನೀರು ನಿಲ್ಲಿಸುವ ಕಟ್ಟೆಯೂ ಹೌದು ಎನ್ನುವ ಬ್ಯಾರೇಜ್ ಇದೆ. ಜಗತ್ತನ್ನೆಲ್ಲ ಹುಡುಕಿ ಕೊಡುವ ಗೂಗಲ್ ನಮ್ಮ ಕೈಯಲ್ಲಿದೆ, ಆದರೆ ನಮ್ಮ ಸ್ವಂತ ಗೂಗಲ್ಲಿಗೆ ಹೋಗಿ ಬಂದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ, ಸುಮ್ಮನೆ ಮನಸ್ಸಿನಲ್ಲೇ ಕೈ ಎತ್ತಿ.

ಈಗ ನೆಲದ ಮಾತಿಗೆ ಬರೋಣ. ನಾವು ಕೂತಿರುವ ಈ ಜಾಗ ಎರಡು ದೊಡ್ಡ ಹೊಳೆಗಳ ನಡುವೆ ಇದೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಎರಡೂ ಮೂಡಣಕ್ಕೆ ಹರಿದು ಆಲಂಪುರದ ಆಚೆ ಒಂದಾಗುತ್ತವೆ. ಇತಿಹಾಸದ ಪುಸ್ತಕಗಳಲ್ಲಿ ಇದನ್ನು ರಾಯಚೂರು ದೋಆಬ್ ಎನ್ನುತ್ತಾರೆ. 'ದೋ ಆಬ್' ಪಾರಸಿ ಮಾತು, ಎರಡು ನೀರು ಎಂದರ್ಥ. ಅದಕ್ಕೂ ಮೊದಲು ನಮ್ಮ ಕನ್ನಡದಲ್ಲೇ ಇದಕ್ಕೆ ಚೆಂದದ ಹೆಸರಿತ್ತು: ಎಡದೊರೆ ನಾಡು. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಶಾಸನಗಳಲ್ಲಿ 'ಎಡದೊರೆ ಎರಡುಸಾವಿರ' ಎಂದು ಬರುತ್ತದೆ. ದೂರದ ತಂಜಾವೂರಿನ ರಾಜೇಂದ್ರ ಚೋಳ ತಾನು ಗೆದ್ದ ನಾಡುಗಳ ಪಟ್ಟಿ ಕೆತ್ತಿಸುವಾಗ 'ಇಡೈತುರೈ ನಾಡು' ಎಂದು ಇದನ್ನೇ ಹೇಳಿಕೊಂಡಿದ್ದಾನೆ. ಸಾವಿರ ವರ್ಷದ ಹಿಂದೆ ಒಬ್ಬ ಚಕ್ರವರ್ತಿ ಹೆಮ್ಮೆಯಿಂದ ಹೆಸರಿಸಿದ ನೆಲ ಇದು.

ನಮ್ಮ ಹೊಲಗಳ ಸುತ್ತ ಕಾಣುವ ಗುಂಡುಕಲ್ಲಿನ ಗುಡ್ಡಗಳನ್ನು ನಾವು ಕಲ್ಲು ಎಂದಷ್ಟೇ ನೋಡುತ್ತೇವೆ. ದಕ್ಷಿಣ ಭಾರತದ ಈ ಭಾಗದ ಗ್ರಾನೈಟ್ ಮತ್ತು ನೈಸ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹಿಮಾಲಯ ಎದ್ದು ನಿಂತು ಐದಾರು ಕೋಟಿ ವರ್ಷವಾಗಿದೆ ಅಷ್ಟೆ. ಅಂದರೆ ಹಿಮಾಲಯ ನಮ್ಮ ಗುಡ್ಡಗಳ ಮುಂದೆ ಮೊಮ್ಮಗನ ಮೊಮ್ಮಗ. ಇದೇ ಬಂಡೆಗಳ ನಡುವೆ ಹಟ್ಟಿಯಿಂದ ಮಸ್ಕಿಯ ಕಡೆಗೆ ಹಾಯ್ದ ಒಂದು ಪಟ್ಟಿಯಲ್ಲಿ ಚಿನ್ನ ಇದೆ. ಹಟ್ಟಿಯಲ್ಲಿ ಬ್ರಿಟಿಷರು ಯಂತ್ರ ತರುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಹಿಂದಿನವರು ಆಳವಾದ ಗಣಿ ತೋಡಿ ಚಿನ್ನ ತೆಗೆದಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಟ್ಟಾಗ ಒಡೆದು ಇಳಿಯುವುದು ಅವರ ವಿದ್ಯೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿ ಇವತ್ತಿಗೂ ಚಿನ್ನ ಕೊಡುತ್ತಿದೆ.

ಮಣ್ಣು ಎರಡು ತರ. ಒಂದು ಎರೆ, ಇನ್ನೊಂದು ಮಸಾರಿ. ಎರೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಿಂಗಾರಿಯ ಬಿಳಿಜೋಳಕ್ಕೆ, ಹತ್ತಿಗೆ ಒಳ್ಳೆಯದು. ಮಸಾರಿ ಬೇಗ ಒಣಗುತ್ತದೆ, ಸಜ್ಜೆ ತೊಗರಿಗೆ ಸರಿ. ವರ್ಷದ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಅದೂ ನೆಟ್ಟಗೆ ಬಂದರೆ. ಎರಡು ಹೊಳೆಯ ನಡುವೆ ಇದ್ದೂ ನೀರಿಲ್ಲ ಎನ್ನುವುದು ನಮ್ಮ ಹಳೆಯ ಗೋಳು. ಹೊಳೆ ತಗ್ಗಿನಲ್ಲಿ ಹರಿಯುತ್ತದೆ, ಹೊಲ ದಿಬ್ಬದ ಮೇಲಿದೆ. ತಗ್ಗಿನ ನೀರು ದಿಬ್ಬಕ್ಕೆ ಬರಬೇಕಾದರೆ ಮೇಲೆ ಎಲ್ಲೋ ಅಣೆಕಟ್ಟು ಕಟ್ಟಿ, ಇಳಿಜಾರು ಅಳೆದು, ಕಾಲುವೆ ತರಬೇಕು. ದಕ್ಷಿಣದ ಸಿಂಧನೂರು, ಮಾನ್ವಿಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ ಬಂದು ಭತ್ತದ ಗದ್ದೆಗಳಾದವು. ಉತ್ತರದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಸಿದ್ಧವಾಯಿತು. ಅದರ ಬಲದಂಡೆ ಕಾಲುವೆ ನಿಧಾನವಾಗಿ ಲಿಂಗಸುಗೂರು, ದೇವದುರ್ಗದ ಕಡೆ ಬಂತು. ನೀರು ಮೊದಲು ಮುಟ್ಟಿದ ಹಳ್ಳಿಗೂ, ಕಾಲುವೆಯ ಕೊನೆಯ ಹಳ್ಳಿಗೂ ಇರುವ ವ್ಯತ್ಯಾಸ ಇಲ್ಲಿ ಕೂತ ರೈತರಿಗೆ ನಾನು ಹೇಳಬೇಕಾಗಿಲ್ಲ.

ಹೊಳೆ ಕೊಡುತ್ತದೆ, ಸಿಟ್ಟೂ ಮಾಡುತ್ತದೆ. ನಾರಾಯಣಪುರದಿಂದ ನೀರು ಹೆಚ್ಚು ಬಿಟ್ಟಾಗ ಹೂವಿನಹೆಡಗಿ ಸೇತುವೆ ಮುಳುಗಿ ದೇವದುರ್ಗ–ಶಹಾಪುರ ದಾರಿ ಕಡಿದು ಹೋಗುವುದನ್ನು ನಾವು ಎಷ್ಟು ಸಲ ನೋಡಿದ್ದೇವೆ. ರಾಯಚೂರು ತಾಲೂಕಿನ ಕೃಷ್ಣೆಯ ನಡುಗಡ್ಡೆಗಳ ಜನಕ್ಕೆ ತೆಪ್ಪವೇ ದಾರಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಪ್ರವಾಹ ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಮಂತ್ರಾಲಯದೊಳಕ್ಕೆ ತುಂಗಭದ್ರೆ ನುಗ್ಗಿದ ವರ್ಷ ಅದು.

ಇನ್ನು ನೋಡುವ ಜಾಗಗಳಿಗೆ ಬರೋಣ. ನಿಮ್ಮನ್ನು ದೂರ ಕರೆದೊಯ್ಯುವುದಿಲ್ಲ. ಕೆಂಪು ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ ಮಾತ್ರ.

ರಾಯಚೂರು–ದೇವದುರ್ಗ ದಾರಿಯಲ್ಲಿ ಗಬ್ಬೂರು ಸಿಗುತ್ತದೆ. ನಾವು ಅಲ್ಲಿ ಬಸ್ಸಿನಿಂದ ಇಳಿಯುವುದು ಸಂತೆಗೆ, ಬ್ಯಾಂಕಿಗೆ, ನೆಂಟರ ಮನೆಗೆ. ಅದು ಒಂದು ಕಾಲಕ್ಕೆ ವಿದ್ಯಾಕೇಂದ್ರವಾಗಿತ್ತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಅಲ್ಲಿವೆ. ಮಲೆಶಂಕರ ಗುಡಿ, ವೆಂಕಟೇಶ್ವರ ಗುಡಿ, ಈಶ್ವರನ ಗುಡಿ, ಬಂಗಾರ ಬಸಪ್ಪ, ಹನುಮಪ್ಪ, ಹಳೆಯ ಬಾವಿ ಹೊಂಡಗಳು, ಹೀಗೆ ಊರೇ ಒಂದು ವಸ್ತುಸಂಗ್ರಹಾಲಯ. ಚಾಲುಕ್ಯರ ಕೆಲಸ ನೋಡಲು ಬಾದಾಮಿಗೆ, ಲಕ್ಕುಂಡಿಗೆ ಪ್ರವಾಸ ಹೋಗುತ್ತೇವೆ, ಹೋಗಲೇಬೇಕು. ಆದರೆ ಮನೆಯ ಮುಂದಿನ ಚಾಲುಕ್ಯರನ್ನು ದಾಟಿಕೊಂಡು ಹೋಗುತ್ತೇವೆ.

ದೇವದುರ್ಗಕ್ಕೆ ಹೋದರೆ ಗುಡ್ಡಗಳ ಮಡಿಲಲ್ಲಿ ಹಳೆಯ ಕೋಟೆ. ಬೇಡ ನಾಯಕರು ಆಳಿದ ಬಲವಾದ ಜಾಗ ಅದು. ಹೊಳೆಯ ಆಚೆ ದಂಡೆಯಲ್ಲಿ ಸುರಪುರ, ವಾಗಿನಗೇರಿ. ಔರಂಗಜೇಬ ಬಾದಶಹ ತನ್ನ ಜೀವನದಲ್ಲಿ ತಾನೇ ಮುಂದೆ ನಿಂತು ಹಾಕಿದ ಕೊನೆಯ ಮುತ್ತಿಗೆ 1705ರಲ್ಲಿ ವಾಗಿನಗೇರಿ ಕೋಟೆಗೆ. ದಿಲ್ಲಿಯ ದೊಡ್ಡ ಸೈನ್ಯವನ್ನು ಬೇಡ ನಾಯಕರು ತಿಂಗಳುಗಟ್ಟಲೆ ತಡೆದರು. ಕೋಟೆ ಬಿದ್ದಿತು, ಆದರೆ ನಾಯಕ ಸಿಗಲಿಲ್ಲ. ಹಣ್ಣು ಮುದುಕನಾಗಿದ್ದ ಬಾದಶಹ ಅಲ್ಲೇ ಹತ್ತಿರದ ದೇವಾಪುರದಲ್ಲಿ ಬೀಡು ಬಿಟ್ಟು ಕಾಯಿಲೆ ಬಿದ್ದ. ಇದು ನಮ್ಮ ಹೊಳೆಯ ಆಚೆಯ ಕಥೆ.

ಅದೇ ಹೊಳೆಯ ದಂಡೆಯಲ್ಲಿ ಕೊಪ್ಪರದ ನರಸಿಂಹ ಸ್ವಾಮಿ ಇದ್ದಾನೆ. ಆಚೆ ದಂಡೆಯಲ್ಲಿ ತಿಂಥಣಿಯ ಮೌನೇಶ್ವರ, ಹಿಂದೂಗಳೂ ಮುಸಲ್ಮಾನರೂ ಇಬ್ಬರೂ ನಡೆದುಕೊಳ್ಳುವ ದೈವ. ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ಜಾತಿ ಯಾರೂ ಕೇಳುವುದಿಲ್ಲ. ಕನ್ನಡ, ತೆಲುಗು, ಉರ್ದು ಮೂರೂ ನಮ್ಮ ಸಂತೆಯಲ್ಲಿ ನಡೆಯುತ್ತವೆ. ಇದನ್ನು ನಾವು ದೊಡ್ಡ ಸಂಗತಿ ಎಂದುಕೊಂಡೇ ಇಲ್ಲ, ಇರುವುದೇ ಹೀಗೆ ಎಂದುಕೊಂಡಿದ್ದೇವೆ. ಹೊರಗೆ ಹೋಗಿ ನೋಡಿದ ಮೇಲೆ ಇದು ದೊಡ್ಡ ಸಂಗತಿ ಎಂದು ನನಗೆ ತಿಳಿಯಿತು.

ರಾಯಚೂರಿನ ಕೋಟೆಗೆ ಬರೋಣ. ಬಸ್‌ಸ್ಟ್ಯಾಂಡಿನಿಂದ ಇಳಿದು ನಡೆಯುವಷ್ಟೇ ದೂರ. 1294ರಲ್ಲಿ ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯ ರೆಡ್ಡಿ ಎಂಬವನು ಈ ಕೋಟೆ ಕಟ್ಟಿಸಿದ. ಅದರ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ ತೆಲುಗಿನಲ್ಲಿ ಶಾಸನ. ಇಂಜಿನಿಯರ್ ಆಗಿ ನನಗೆ ಶಾಸನಕ್ಕಿಂತ ಹೆಚ್ಚು ಇಷ್ಟವಾಗುವುದು ಅಲ್ಲೇ ಕೆತ್ತಿರುವ ಒಂದು ಚಿತ್ರ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲು ಕೋಣಗಳನ್ನು ಹೂಡಿ, ಹಿಂದಿನಿಂದ ಆಳುಗಳು ಹಾರೆ ಮೀಟಿ ದೂಡುತ್ತಿರುವ ಚಿತ್ರ. ಅಂದರೆ ಅವರು ಕೆಲಸ ಮಾಡಿ ಸುಮ್ಮನಾಗಲಿಲ್ಲ. ಹೇಗೆ ಮಾಡಿದೆವು ಎಂಬುದನ್ನೂ ಮುಂದಿನವರಿಗೆ ಬಿಟ್ಟು ಹೋದರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕೆ ಡಾಕ್ಯುಮೆಂಟೇಶನ್ ಎನ್ನುತ್ತೇವೆ. ಪ್ರೋಗ್ರಾಂ ಬರೆದವನು ಕೆಲಸ ಬಿಟ್ಟು ಹೋದ ಮೇಲೆ ಬರುವವನಿಗೆ ಅರ್ಥವಾಗಬೇಕಾದರೆ ಅದು ಬೇಕೇ ಬೇಕು. ಬೇಜಾರಿನ ಕೆಲಸ, ಯಾರೂ ಮಾಡಲು ಒಪ್ಪುವುದಿಲ್ಲ. 700 ವರ್ಷದ ಹಿಂದೆ ಕಲ್ಲಿನ ಮೇಲೆ ಮಾಡಿ ತೋರಿಸಿದವರು ರಾಯಚೂರಿನವರು.

ಇದೇ ಕೋಟೆಗಾಗಿ 1520ರಲ್ಲಿ ಶ್ರೀಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲ್ ಶಹನಿಗೂ ದೊಡ್ಡ ಯುದ್ಧ ನಡೆಯಿತು. ಅದರ ವರ್ಣನೆಯನ್ನು ನ್ಯೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿ ಬರೆದಿಟ್ಟಿದ್ದಾನೆ. ಅವನು ಬರೆಯದೇ ಹೋಗಿದ್ದರೆ ಆ ಯುದ್ಧದ ಬಗ್ಗೆ ನಮಗೆ ತಿಳಿದಿರುವುದು ಬಹಳ ಕಡಿಮೆಯಾಗುತ್ತಿತ್ತು. ಗೆದ್ದದ್ದು ನಮ್ಮವರು, ಬರೆದದ್ದು ಹೊರಗಿನವನು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನು ಮಸ್ಕಿ. ಈಗ ಅದೂ ತಾಲೂಕು ಕೇಂದ್ರ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಬ್ರಾಹ್ಮಿ ಲಿಪಿಯನ್ನು ಓದಿದ. ದೇಶದ ತುಂಬ ಇದ್ದ ಬಂಡೆ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ರಾಜನ ಹೆಸರು ಸಿಕ್ಕಿತು. ಅವನು ಯಾರು? ಅಶೋಕನೇ ಇರಬೇಕು ಎಂದು ಊಹೆ ಇತ್ತು, ಆದರೆ ಶಾಸನದಲ್ಲೇ ಆ ಹೆಸರು ಎಲ್ಲೂ ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಒಂದು ಬರಹ ಕಂಡ. ಅದರಲ್ಲಿ 'ದೇವಾನಾಂಪ್ರಿಯ ಅಶೋಕ' ಎಂದು ಸ್ಪಷ್ಟವಾಗಿ ಇತ್ತು. ನಮ್ಮ ನೋಟಿನ ಮೇಲಿನ ಸಿಂಹ, ಬಾವುಟದ ಚಕ್ರ, ಎರಡೂ ಯಾವ ರಾಜನವೋ ಆ ರಾಜನ ಹೆಸರನ್ನು ಅನುಮಾನವಿಲ್ಲದಂತೆ ಮೊದಲು ಹೇಳಿದ್ದು ನಮ್ಮ ಜಿಲ್ಲೆಯ ಒಂದು ಬಂಡೆ. ದನ ಕಾಯುವ ಹುಡುಗರು ಎರಡು ಸಾವಿರ ವರ್ಷ ಅದರ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಓದುವವರು ಬಂದ ದಿನ ಅದು ಇತಿಹಾಸವಾಯಿತು.

ಇಷ್ಟೆಲ್ಲ ಹೇಳಿ ನಮ್ಮೂರ ಬಗ್ಗೆ ಏನೂ ಹೇಳಲಿಲ್ಲವಲ್ಲ ಎಂದು ಹಿರಿಯರು ಕೇಳಬಹುದು. ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ.

ದಾಸಸಾಹಿತ್ಯ ಓದುವವರಿಗೆ ನಮ್ಮೂರು 'ಮೊಸರಕಲ್ಲು' ಎಂದು ಗೊತ್ತು. 18ನೇ ಶತಮಾನದ ಗೋಪಾಲದಾಸರು ಇಲ್ಲಿ ಹುಟ್ಟಿದವರು. ಮೊದಲ ಹೆಸರು ಭಾಗಣ್ಣ, ಅಂಕಿತ ಗೋಪಾಲವಿಠಲ. ಅವರ ಗುರುಗಳು ವಿಜಯದಾಸರು, ಮಾನ್ವಿ ತಾಲೂಕಿನ ಚೀಕಲಪರವಿಯವರು. ಗೋಪಾಲದಾಸರ ಶಿಷ್ಯರು ಜಗನ್ನಾಥದಾಸರು, ಅದೇ ತಾಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಪುರಂದರದಾಸರ, ಕನಕದಾಸರ ಕಾಲ ಮುಗಿದ ಮೇಲೆ ತಣ್ಣಗಾಗಿದ್ದ ಹರಿದಾಸ ಪರಂಪರೆಯನ್ನು ಮತ್ತೆ ಹೊತ್ತಿಸಿದವರು ಇವರು. ನಕ್ಷೆಯಲ್ಲಿ ಚೀಕಲಪರವಿ, ಮಸರಕಲ್, ಬ್ಯಾಗವಾಟ ಮೂರಕ್ಕೂ ಚುಕ್ಕೆ ಇಟ್ಟು ನೋಡಿ. ಒಂದೇ ದಿನದಲ್ಲಿ ಮೋಟಾರ್‌ಸೈಕಲ್ ಮೇಲೆ ಮೂರನ್ನೂ ನೋಡಿ ಸಂಜೆಗೆ ಮನೆ ಸೇರಬಹುದು. ಆಳುವ ರಾಜರು ಬದಲಾಗುತ್ತಿದ್ದ, ಬರ ದಂಡು ಎರಡೂ ಕಾಡುತ್ತಿದ್ದ ಕಾಲದಲ್ಲಿ ಇಷ್ಟು ಸಣ್ಣ ಜಾಗದಿಂದ ಇಷ್ಟು ದೊಡ್ಡ ಸಾಹಿತ್ಯ ಬಂತು.

ದಾಸರ ಪರಂಪರೆಯಲ್ಲಿ ಹೇಳುವ ಒಂದು ಕಥೆ ಇಲ್ಲಿಯ ಹಿರಿಯರಿಗೆ ಗೊತ್ತು, ಮಕ್ಕಳಿಗಾಗಿ ಹೇಳುತ್ತೇನೆ. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಪದ ಹೇಳಿಕೊಂಡು ತಿರುಗುವ ದಾಸರೆಂದರೆ ಅವರಿಗೆ ಅಸಡ್ಡೆ. ಮಾನ್ವಿಗೆ ಬಂದ ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವು ಎಂದು ನೆವ ಹೇಳಿ ತಪ್ಪಿಸಿಕೊಂಡರಂತೆ. ಆಮೇಲೆ ನಿಜವಾಗಿಯೂ ಹೊಟ್ಟೆನೋವು ಹಿಡಿಯಿತು, ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ವಿಜಯದಾಸರ ಮಾತಿನಂತೆ ನಮ್ಮ ಭಾಗಣ್ಣನ ಹತ್ತಿರ ಬಂದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಅವರಿಗೆ ಕೊಟ್ಟರು ಎಂಬುದು ಕಥೆ. ಹಾಗೆ ಉಳಿದ ಪಂಡಿತರು ಮುಂದೆ ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ, 32 ಸಂಧಿಗಳ 'ಹರಿಕಥಾಮೃತಸಾರ' ಬರೆದರು.

ಆಯುಷ್ಯ ಕೊಡಲು ಬರುತ್ತದೆಯೋ ಇಲ್ಲವೋ ಎಂದು ವಾದ ಮಾಡಲು ನಾನು ನಿಂತಿಲ್ಲ. ನನಗೆ ಕಾಣುವುದು ಬೇರೆ. ತನ್ನ ಮನೆಯ ಭಾಷೆಯನ್ನೇ ಕೀಳು ಎಂದುಕೊಂಡಿದ್ದ ಒಬ್ಬ ಬುದ್ಧಿವಂತ, ಆ ಕೀಳರಿಮೆ ಬಿಟ್ಟ ಮೇಲೆ ತನ್ನ ಅತಿ ದೊಡ್ಡ ಕೆಲಸ ಮಾಡಿದ. ಆ ತಿರುವು ಕೊಟ್ಟವರು ಮಸರಕಲ್ಲಿನವರು.

ಈಗ ಸ್ವಲ್ಪ ಕಹಿ ಮಾತು. ಪುಣ್ಯಪುರುಷರ ಹೆಸರು ಹೇಳಿ ಹೆಮ್ಮೆ ಪಟ್ಟರೆ ಹೊಟ್ಟೆ ತುಂಬುತ್ತದೆಯೇ? ತುಂಬುವುದಿಲ್ಲ. ನಿಜಾಮರ ಕಾಲದಲ್ಲಿ ನಮ್ಮ ಕಡೆ ಕನ್ನಡದ ಶಾಲೆ ಬಲು ಕಡಿಮೆ. ಆಡಳಿತ ಉರ್ದುವಿನಲ್ಲಿ, ಜನರ ಮಾತು ಕನ್ನಡದಲ್ಲಿ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೆ ನಮಗೆ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು. 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿದೆವು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂದಾಗ ರಾಜ್ಯದಲ್ಲಿ 39 ತಾಲೂಕುಗಳನ್ನು 'ಅತ್ಯಂತ ಹಿಂದುಳಿದ' ಎಂದು ಗುರುತಿಸಿದರು. ದೇವದುರ್ಗ ಅದರಲ್ಲಿ ಒಂದು. ಆ ವರದಿಯಿಂದ ಉಪಕಾರವೇ ಆಗಿದೆ. ಮುಂದೆ ಸಂವಿಧಾನದ 371(ಜೆ) ಕಲಂ ಬಂದದ್ದರಿಂದ ಇಲ್ಲಿಯ ಮಕ್ಕಳಿಗೆ ಇಂಜಿನಿಯರಿಂಗ್, ಮೆಡಿಕಲ್ ಸೀಟಿನಲ್ಲಿ, ನೌಕರಿಯಲ್ಲಿ ಪಾಲು ಸಿಕ್ಕಿದೆ. ನಾನು ಬಿ.ಇ. ಓದುವಾಗ ಅದಿರಲಿಲ್ಲ, ನಿಮಗೆ ಇದೆ. ಬಿಡದೆ ಉಪಯೋಗಿಸಿಕೊಳ್ಳಿ.

ಆದರೆ 'ಹಿಂದುಳಿದ' ಎನ್ನುವುದು ರಸ್ತೆ, ಆಸ್ಪತ್ರೆ, ಶಾಲೆ, ನೀರಾವರಿ ಲೆಕ್ಕ ಹಾಕಿ ಸರಕಾರಕ್ಕೆ ಹೇಳಿದ ಮಾತು. ಅದು ತಾಲೂಕಿನ ಸೌಲಭ್ಯಕ್ಕೆ ಕೊಟ್ಟ ಅಂಕ, ಇಲ್ಲಿಯ ಜನಕ್ಕೆ ಕೊಟ್ಟ ಅಂಕ ಅಲ್ಲ. ಈ ವ್ಯತ್ಯಾಸ ನಮ್ಮ ಮಕ್ಕಳಿಗೆ ಯಾರೂ ಹೇಳಲಿಲ್ಲ. ಅವರು ಅದನ್ನು ತಮ್ಮ ಹೆಸರಿನ ಜೊತೆ ಅಂಟಿಸಿಕೊಂಡರು. ಅಪ್ಪ ಅವ್ವ ಗುಳೆ ಹೋದಾಗ ಜೊತೆಗೆ ಹೋದ ಹುಡುಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿ ಇರುತ್ತಾನೆ. ಅವನು ಯಾವ ಸೀಮೆಯಿಂದ ಬಂದವನು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅವನಿಗೇ ಗೊತ್ತಿಲ್ಲದಿದ್ದರೆ ಇನ್ನು ಯಾರಿಗೆ ಗೊತ್ತಾಗಬೇಕು? "ಏನೂ ಇಲ್ರಿ, ಬಿಸಿಲು ಐತಿ" ಎಂಬ ಉತ್ತರ ಹುಟ್ಟುವುದು ಇಲ್ಲಿ.

ಇದಕ್ಕೆ ಏನು ಮಾಡಬಹುದು? ಹೊರಗಿನ ಒಂದು ಉದಾಹರಣೆ ಹೇಳುತ್ತೇನೆ. ಕಂಪನಿ ಕೆಲಸದ ಮೇಲೆ ನಾನು ಕೆಲವು ತಿಂಗಳು ಫ್ರಾನ್ಸ್ ದೇಶದಲ್ಲಿದ್ದೆ. ಫ್ರಾನ್ಸ್ ಎಂದರೆ ಪ್ಯಾರಿಸ್, ಐಫೆಲ್ ಗೋಪುರ ಎಂದಷ್ಟೇ ನಾವು ತಿಳಿದಿರುತ್ತೇವೆ. ಅಲ್ಲಿಯ ಹಳ್ಳಿಗಳಿಂದಲೂ ಜನ ಪಟ್ಟಣಕ್ಕೆ ಹೋಗಿ ಊರುಗಳು ಖಾಲಿಯಾಗಿದ್ದವು. ನೈಋತ್ಯ ಭಾಗದಲ್ಲಿ ಕೊಲೊಂಜ್ ಲಾ ರೂಜ್ ಎಂಬ ಸಣ್ಣ ಊರಿದೆ. ರೂಜ್ ಎಂದರೆ ಕೆಂಪು. ಮನೆ, ಚರ್ಚು, ಗೋಡೆ ಎಲ್ಲ ಕೆಂಪು ಮರಳುಗಲ್ಲಿನವು. ಇರುವ ಜನ 500 ಕೂಡ ಇಲ್ಲ, ನಮ್ಮ ಒಂದು ಓಣಿಯಷ್ಟು. ಆ ಊರಿನ ಮೇಯರ್ ಷಾರ್ಲ್ ಸೆರಾಕ್ ಎಂಬವರು, ನಮ್ಮ ಕಡೆ ಪಂಚಾಯಿತಿ ಅಧ್ಯಕ್ಷರು ಎನ್ನಬಹುದು, 1982ರಲ್ಲಿ ಅಂಥ ಊರುಗಳನ್ನೆಲ್ಲ ಸೇರಿಸಿ 'ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು' ಎಂಬ ಸಂಘ ಕಟ್ಟಿದರು. ಅದಕ್ಕೆ ಸೇರಲು ಮುಖ್ಯವಾದ ಶರತ್ತುಗಳು: ಊರಿನ ಜನಸಂಖ್ಯೆ 2000 ಮೀರಬಾರದು, ಕಡಿಮೆ ಎಂದರೆ ಎರಡು ಸಂರಕ್ಷಿತ ಸ್ಮಾರಕ ಅಥವಾ ತಾಣ ಇರಬೇಕು, ಊರಿನ ಸಭೆ ಠರಾವು ಮಾಡಿ ಒಪ್ಪಬೇಕು. ಇಂದು 150ಕ್ಕೂ ಹೆಚ್ಚು ಹಳ್ಳಿಗಳು ಅದರಲ್ಲಿವೆ. ನೋಡಲು ಜನ ಹೋಗುತ್ತಾರೆ, ಊರಿನವರಿಗೆ ಅಂಗಡಿ, ಊಟದ ಮನೆ, ಕೆಲಸ ಆಗಿದೆ.

ಅವರಂತೆ ನಾವೂ ನಾಳೆಯೇ ಪ್ರವಾಸಿಗರನ್ನು ಕರೆಯೋಣ ಎಂದು ನಾನು ಹೇಳುವುದಿಲ್ಲ. ಅದಕ್ಕೆ ರಸ್ತೆ, ಶೌಚಾಲಯ, ನೆರಳು ಬೇಕು. ನಾನು ಹೇಳುವುದು ಅದಕ್ಕೂ ಮೊದಲಿನ ಹೆಜ್ಜೆ. ಅಲ್ಲಿಯ ಸಣ್ಣ ಊರಿನಲ್ಲೂ ಬಾಗಿಲಲ್ಲಿ ಒಂದು ಫಲಕ ಇರುತ್ತದೆ. ಊರಿನ ಹಳೆಯ ಹೆಸರು, ಗುಡಿ ಕಟ್ಟಿದ ಕಾಲ, ಬಾವಿ ಯಾವಾಗಿನದು, ಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರು, ಎಲ್ಲ ಬರೆದಿರುತ್ತದೆ. ಅವರ ಕಲ್ಲು ನಮ್ಮ ಕಲ್ಲಿಗಿಂತ ಹಳೆಯದಲ್ಲ. ಅವರು ಬರೆದಿಟ್ಟಿದ್ದಾರೆ, ನಾವು ಬರೆದಿಟ್ಟಿಲ್ಲ, ಅಷ್ಟೇ ಅಂತರ.

ಆದ್ದರಿಂದ ಸುವರ್ಣ ಮಹೋತ್ಸವದ ನೆನಪಿಗೆ ನಾನು ನಾಲ್ಕು ಕೆಲಸ ಬೇಡಿಕೊಳ್ಳುತ್ತೇನೆ. ಯಾವುದಕ್ಕೂ ದೊಡ್ಡ ದುಡ್ಡು ಬೇಡ.

ಒಂದು, ಕಲ್ಲಿನ ಲೆಕ್ಕ. ಒಂಬತ್ತನೇ ತರಗತಿಯ ಮಕ್ಕಳು ಪ್ರತಿ ವರ್ಷ ತಮ್ಮ ತಮ್ಮ ಹಳ್ಳಿಯ ವೀರಗಲ್ಲು, ಶಾಸನ, ಹಳೆಯ ಗುಡಿ, ದರ್ಗಾ, ಬಾವಿ, ಅಗಸಿ ಇವುಗಳ ಪಟ್ಟಿ ಮಾಡಲಿ. ಎಲ್ಲಿದೆ, ಎಷ್ಟು ಅಡಿ, ಯಾವ ಸ್ಥಿತಿಯಲ್ಲಿದೆ ಎಂದು ಬರೆದು ಫೋಟೋ ಹಚ್ಚಲಿ. ಶಾಸನದ ಕಲ್ಲಿಗೆ ದಯವಿಟ್ಟು ಸುಣ್ಣ, ಬಣ್ಣ ಬಳಿಯಬೇಡಿ, ಬಟ್ಟೆ ಒಗೆಯಲು, ಚರಂಡಿ ಮುಚ್ಚಲು ಬಳಸಬೇಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ. ರಾಯಚೂರು ಜಿಲ್ಲೆಯ ಸಂಪುಟ ತರಿಸಿ ಶಾಲೆಯ ಗ್ರಂಥಾಲಯದಲ್ಲಿ ಇಟ್ಟರೆ, ನಮ್ಮ ಸುತ್ತಲಿನ ಯಾವ ಕಲ್ಲು ಏನು ಹೇಳುತ್ತದೆ ಎಂದು ಮಕ್ಕಳೇ ಹೊಂದಿಸಿ ನೋಡಬಹುದು.

ಎರಡು, ಹೆಸರಿನ ಲೆಕ್ಕ. ನಮ್ಮ ಪ್ರತಿ ಹೊಲಕ್ಕೆ, ಹಳ್ಳಕ್ಕೆ, ಗುಡ್ಡಕ್ಕೆ ಒಂದು ಹೆಸರಿದೆ. ಪಹಣಿಯಲ್ಲಿ ಸರ್ವೇ ನಂಬರ್ ಮಾತ್ರ ಇರುತ್ತದೆ. ಹೆಸರು ಇರುವುದು ಹಿರಿಯರ ಬಾಯಲ್ಲಿ. ಅವರು ಹೋದರೆ ಹೆಸರೂ ಹೋಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ ಇದೆ, ಯಾರು ಬೇಕಾದರೂ ತಮ್ಮ ಊರಿನ ಹೆಸರುಗಳನ್ನು ಕನ್ನಡದಲ್ಲೇ ಸೇರಿಸಬಹುದು, ಪುಕ್ಕಟೆ. ಕನ್ನಡ ವಿಕಿಪೀಡಿಯದಲ್ಲೂ ಹಾಗೆಯೇ. ಇದನ್ನು ಕಲಿಸುವ ಜವಾಬ್ದಾರಿ ನನ್ನದು. ನನ್ನ ಬ್ಯಾಚಿನ ಮೂವರು ಇಂಜಿನಿಯರುಗಳು ವರ್ಷಕ್ಕೆ ಎರಡು ಸಲ, ಬೇಸಿಗೆ ರಜೆಯಲ್ಲಿ ಮತ್ತು ದಸರಾ ರಜೆಯಲ್ಲಿ, ಶಾಲೆಗೆ ಬಂದು ಎರಡೆರಡು ದಿನ ಕೂಡುತ್ತೇವೆ ಎಂದು ಒಪ್ಪಿದ್ದಾರೆ.

ಮೂರು, ಮಾತಿನ ಲೆಕ್ಕ. ನಮ್ಮ ಅವ್ವಂದಿರು ಬೀಸುವಾಗ, ಕಳೆ ತೆಗೆಯುವಾಗ ಹಾಡುವ ಹಾಡು, ಮೊಹರಂ ಪದ, ದಾಸರ ಪದ, ತತ್ವಪದ, ಬರಗಾಲದ ನೆನಪು, ರಜಾಕಾರರ ಕಾಲದ ನೆನಪು ಇವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹೇಳಿದವರ ಹೆಸರು, ದಿನಾಂಕ ಬರೆದು ಶಾಲೆಯಲ್ಲಿ ಇಡೋಣ. ರಜಾಕಾರರ ಕಾಲ ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. ಈ ಕೆಲಸಕ್ಕೆ ಮುಂದಿನ ವರ್ಷ ಎಂದರೆ ತಡ.

ನಾಲ್ಕು, ಗೋಡೆಯ ನಕ್ಷೆ. ಶಾಲೆಯ ಮುಂದಿನ ಗೋಡೆಯ ಮೇಲೆ ಭಾರತದ ನಕ್ಷೆ ಇದೆ, ಕರ್ನಾಟಕದ ನಕ್ಷೆ ಇದೆ. ಪಕ್ಕದಲ್ಲಿ ನಮ್ಮ ಸೀಮೆಯ ನಕ್ಷೆಯೂ ಬರಲಿ. ಮೇಲೆ ಕೃಷ್ಣಾ, ಕೆಳಗೆ ತುಂಗಭದ್ರಾ, ನಡುವೆ ಗಬ್ಬೂರು, ಗೂಗಲ್, ಕೊಪ್ಪರ, ದೇವದುರ್ಗ, ಮಾನ್ವಿ, ಚೀಕಲಪರವಿ, ಬ್ಯಾಗವಾಟ, ಮಸ್ಕಿ, ಹಟ್ಟಿ, ರಾಯಚೂರು. ಎಲ್ಲದರ ನಡುವೆ ಕೆಂಪು ಚುಕ್ಕೆ ಇಟ್ಟು 'ನಾವು ಇಲ್ಲಿದ್ದೇವೆ' ಎಂದು ಬರೆಯಿರಿ. ಬಣ್ಣದ ಖರ್ಚು ಹಳೆಯ ವಿದ್ಯಾರ್ಥಿಗಳದು.

ಗುರುಗಳೇ, ನೀವು ನಮಗೆ ಹೇಳುತ್ತಿದ್ದಿರಿ, ಉತ್ತರ ಗೊತ್ತಿದ್ದರೆ ಸಾಲದು, ಬರೆದರೆ ಮಾತ್ರ ಅಂಕ ಎಂದು. ಪರೀಕ್ಷೆಗೆ ಹೇಳಿದ ಮಾತು ಅದು, ಊರಿಗೂ ಸರಿಯಾಗಿ ಹೊಂದುತ್ತದೆ. ನಮ್ಮ ಸೀಮೆಗೆ ಉತ್ತರ ಗೊತ್ತಿದೆ. ಇಷ್ಟು ವರ್ಷ ಬರೆದಿಲ್ಲ.

ಮಕ್ಕಳೇ, ನೀವು ಓದಿ, ಊರು ಬಿಟ್ಟು ಹೋಗಿ, ತಪ್ಪಿಲ್ಲ. ನಾನೂ ಹೋಗಿದ್ದೇನೆ. ಬೆಂಗಳೂರಿಗೆ ಹೋಗಿ, ಪರದೇಶಕ್ಕೂ ಹೋಗಿ. ಆದರೆ "ನಿಮ್ಮ ಕಡೆ ಏನಿದೆ?" ಎಂದು ಕೇಳಿದವರಿಗೆ ಕೊಡಲು ನಿಮ್ಮ ಹತ್ತಿರ ಒಂದು ಗಂಟೆಯಷ್ಟು ಉತ್ತರ ಇರಲಿ. ಬಿಸಿಲಿನ ಮಾತು ಅದರ ಕೊನೆಗೆ ಬರಲಿ.

 ಶಾಲೆ ನೂರು ವರ್ಷ ಕಾಣಲಿ.